ಗುದ್ದಿದ್ದು ಅವರು, ಸವರಿದ್ದು ನಾನು

‘ಮೂರು ವಾರ ಅಲ್ಲ, ಮೂರು ವರ್ಷ ಕೊಟ್ಟರೂ ನಿನ್ನ ಕಾರಿಗೆ ಒಂದು ಗೀರು ಬೀಳಲ್ಲ ಅಕ್ಕಾ!’ ಎಂದು ನಾನು ಎದೆ ತಟ್ಟಿ ಹೇಳಿದಾಗ ನನ್ನ ಹೆಂಡತಿ ಕೆಮ್ಮಿದಳು. ಅವಳಿಗೆ ಕೆಮ್ಮಿರಲಿಲ್ಲ.

ಅಕ್ಕ ಆಸ್ಪತ್ರೆಯಲ್ಲಿ ನರ್ಸ್. ತರಬೇತಿಗೆಂದು ಬೇರೆ ಊರಿಗೆ ಹೊರಟವಳು ಕೀ ಕೈಗಿಡುತ್ತಾ ಹೇಳಿದಳು: ‘ಇದು ಕಾರಲ್ಲ ಕಣೋ, ನನ್ನ ಏಳು ವರ್ಷದ ಪಾಳಿ. ಹೀಗೇ ವಾಪಸ್ ತಂದುಕೊಟ್ರೆ, ಮುಂದೆ ಯಾವಾಗ ಬೇಕಾದ್ರೂ ಕೇಳು, ಕೊಡ್ತೀನಿ.’

ಅವಳು ಮರಳಲು ನಾಲ್ಕೇ ದಿನ ಉಳಿದಿತ್ತು. ಸಂಜೆ ಆಫೀಸಿನ ನೆಲಮಾಳಿಗೆಗೆ ಇಳಿದು ನೋಡುತ್ತೇನೆ, ಹಿಂದಿನ ಬಾಗಿಲಲ್ಲಿ ಒಂದು ತಗ್ಗು! ಅಂಗೈ ಇಟ್ಟರೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತಿತ್ತು.

‘ಯಾರು ಗುದ್ದಿದ್ದು?’ ಎಂದು ವಾಚ್‌ಮನ್ ಮೇಲೆ ಎಗರಿದೆ.

‘ನೋಡಲಿಲ್ಲ ಸಾರ್. ಸದ್ದು ಕೇಳಿಸ್ತು. ನೀವೇ ಕಾರು ತೆಗೀತಿದೀರೇನೋ ಅಂತ ಸುಮ್ಮನಾದೆ.’

ಮನೆಗೆ ಬಂದವನೇ, ಅಡುಗೆಮನೆಯ ಬಾಗಿಲಲ್ಲಿ ನಿಂತು ಮನುಕುಲದ ಅಧಃಪತನದ ಬಗ್ಗೆ ಭಾಷಣ ಆರಂಭಿಸಿದೆ. ‘ಗುದ್ದೋದು, ಇಳಿದು ನೋಡೋದು, ಸದ್ದಿಲ್ಲದೆ ಜಾಗ ಖಾಲಿ ಮಾಡೋದು! ಇವರೂ ಮನುಷ್ಯರಾ?’

ಹೆಂಡತಿ ಬೀನ್ಸ್ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ‘ಹೋದ ವಾರ ಔಷಧಿ ಅಂಗಡಿ ಮುಂದೆ ನೀವು ಆ ನೀಲಿ ಕಾರಿಗೆ ಗುದ್ದಿದ್ರಲ್ಲ ರೀ...’

‘ಗುದ್ದಿದ್ದಲ್ಲ ಕಣೇ, ಸವರಿದ್ದು!’

‘ಟಪ್ ಅಂತ ಸದ್ದು ಬಂತು.’

‘ಜೋರಾಗಿ ಸವರಿದ್ರೆ ಸದ್ದು ಬರುತ್ತೆ.’

‘ಆಮೇಲೆ ಕರ್ಚೀಫು ತೆಗೆದು ಒರೆಸಿ ಬಂದ್ರಿ.’

‘ನೋಡು! ಅದಕ್ಕೆ ಸಂಸ್ಕಾರ ಅನ್ನೋದು.’

ಅವಳು ಇನ್ನಷ್ಟು ಬೀನ್ಸ್ ಹೆಚ್ಚಿದಳು. ನಾನು ದೊಡ್ಡ ಹಾಳೆ ತೆಗೆದು ದಪ್ಪಕ್ಷರದಲ್ಲಿ ಬರೆದೆ: ‘ಈ ಕಾರಿಗೆ ಗುದ್ದಿ ಪರಾರಿಯಾದವರೇ, ನೀವು ಮನುಷ್ಯರೇ ಆಗಿದ್ದರೆ ಈ ನಂಬರಿಗೆ ಫೋನ್ ಮಾಡಿ!’ ಹಿಂದಿನ ಗಾಜಿನಲ್ಲಿ, ಅಕ್ಕ ಕೂರಿಸಿದ್ದ ಹಳದಿ ಬಾತುಕೋಳಿ ಬೊಂಬೆಯ ಪಕ್ಕ, ಆ ಶಾಸನವನ್ನು ಅಂಟಿಸಿಕೊಂಡು ಎರಡು ದಿನ ಊರೆಲ್ಲ ಮೆರವಣಿಗೆ ಹೊರಟೆ.

ಮೂರನೆಯ ದಿನ ಫೋನ್ ಬಂತು. ವಯಸ್ಸಾದ ಹೆಂಗಸಿನ ದನಿ. ಪಾಠ ಹೇಳಿ ಪಳಗಿದ ದನಿ.

‘ನಿಮ್ಮ ಕಾರಿನ ಮೇಲಿನ ಬರಹ ಓದಿದೆ.’

‘ಓಹೋ! ಗುದ್ದಿದ್ದು ನೀವೋ?’

‘ಅಲ್ಲಪ್ಪ, ನಾನು ಗುದ್ದಿಸಿಕೊಂಡೋಳು. ನೀಲಿ ಕಾರು, ಔಷಧಿ ಅಂಗಡಿ. ಬಿಳಿ ಕಾರು, ಹಿಂದೆ ಹಳದಿ ಬಾತುಕೋಳಿ ಅಂತ ಅಂಗಡಿಯವರು ಹೇಳಿದ್ರು. ನಿಮ್ಮನ್ನ ಎಲ್ಲಿ ಅಂತ ಹುಡುಕಲಿ? ನೀವೇ ಫೋನ್ ನಂಬರ್ ಬರ್ಕೊಂಡು ಓಡಾಡ್ತಿದೀರಿ. ಒಳ್ಳೇದಾಯ್ತು.’

‘ಮೇಡಂ, ಅದು... ಸ್ವಲ್ಪ ಸವರಿ...’

‘ನಿಮ್ಮ ಗುದ್ದಿಗೆ ಹಿಂದಿನ ದೀಪ ಕೆಟ್ಟಿತ್ತು. ನನಗೆ ಗೊತ್ತಾಗಲಿಲ್ಲ. ಮಾರನೇ ದಿನ ನಾನು ಬ್ರೇಕ್ ಹಾಕಿದ್ದು ಹಿಂದೆ ಸೈಕಲ್ಲಲ್ಲಿ ಬರ್ತಿದ್ದ ಹುಡುಗಿಗೆ ಕಾಣಲಿಲ್ಲ. ಮೊಣಕೈ ತರಚಿತು, ಅಷ್ಟರಲ್ಲೇ ಹೋಯ್ತು, ಪುಣ್ಯ.’

ನಾನು ಕುರ್ಚಿಯಲ್ಲಿ ಕೂತಿದ್ದೆ. ಇನ್ನೂ ಕೆಳಗೆ ಕೂರಲು ಜಾಗವಿದ್ದರೆ ಕೂರುತ್ತಿದ್ದೆ.

‘ಇಷ್ಟು ಚೆನ್ನಾಗಿ ಬರೀತೀರಿ. ಅವತ್ತು ಒಂದು ಚೀಟಿ ಯಾಕಪ್ಪ ಬರೀಲಿಲ್ಲ?’

‘ಪೆನ್ನಿರಲಿಲ್ಲ’ ಎಂದೆ. ಜೇಬಿನಲ್ಲಿ ಎರಡಿದ್ದವು.

ಸಂಜೆ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ ದೀಪ ಹಾಕಿಸಿಕೊಟ್ಟೆ. ಆಕೆ ಬೈದಿದ್ದರೆ ಹಗುರವಾಗುತ್ತಿತ್ತು. ಕುಡಿಯಲು ನೀರು ಕೊಟ್ಟರು. ಮನೆಗೆ ಬಂದು ಗಾಜಿನ ಮೇಲಿನ ಶಾಸನವನ್ನು ಉಗುರಿನಿಂದ ಕೆರೆದೆ. ‘ಪರಾರಿ’ ಎಂಬ ಪದ ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ.

ಭಾನುವಾರ ಅಕ್ಕ ಬಂದಳು. ನೆಲಮಾಳಿಗೆಯಲ್ಲಿ ಆದದ್ದನ್ನು ಹೇಳಿದೆ. ಬಾಗಿಲ ತಗ್ಗಿನ ಮೇಲೆ, ಜ್ವರ ನೋಡುವವಳಂತೆ ಕೈ ಇಟ್ಟಳು. ‘ಯಾರೋ ಗುದ್ದಿದಾರೆ. ಹೋಗ್ಲಿ ಬಿಡೋ, ನಿಲ್ಲಿಸಿದ್ದ ಕಾರಿಗೆ ಯಾರಾದ್ರೂ ಬಂದು ಗುದ್ದಿದ್ರೆ ನೀನೇನು ಮಾಡ್ತೀಯ?’

ಬದುಕಿದೆ! ಅಂದುಕೊಳ್ಳುವಷ್ಟರಲ್ಲಿ ಅವಳು ಮುಂದಕ್ಕೆ ಹೋದಳು. ಬಂಪರಿನ ಮೂಲೆಯಲ್ಲಿ ಬೆರಳುದ್ದದ ನೀಲಿ ಗೆರೆ.

‘ಇದೇನು? ಎಲ್ಲೋ ಸವರಿದ ಹಾಗಿದೆ.’

ನನ್ನದೇ ಪದವನ್ನು ತಟ್ಟೆಯಲ್ಲಿಟ್ಟು ನನ್ನ ಮುಂದೆ ಹಿಡಿದಿದ್ದಳು! ‘ಹೂಂ’ ಅಂದರೆ ಸಾಕಿತ್ತು. ಹೆಂಡತಿ ಕೆಮ್ಮಲಿಲ್ಲ, ಸುಮ್ಮನೆ ನನ್ನನ್ನೇ ನೋಡುತ್ತಿದ್ದಳು.

‘ಸವರಿದ್ದಲ್ಲ ಅಕ್ಕಾ’ ಎಂದೆ. ‘ಗುದ್ದಿದ್ದು. ನಾನೇ. ಗುದ್ದಿ ಓಡಿಬಂದೆ.’

ಅಕ್ಕ ಅಂಗೈ ಚಾಚಿದಳು. ಕೀ ಇಟ್ಟೆ.

ಈಗ ಬಸ್ಸಿನಲ್ಲಿ ಓಡಾಡುತ್ತಿದ್ದೇನೆ. ನಿನ್ನೆ ಒಬ್ಬರ ಮೊಣಕೈ ನನ್ನ ಪಕ್ಕೆಲುಬಿಗೆ ಸರಿಯಾಗಿ ನಾಟಿತು. ಕಣ್ಣಲ್ಲಿ ನೀರು ಬಂತು. ಆತ ತಿರುಗಿ, ಬಹಳ ಸಂಸ್ಕಾರದಿಂದ ನನ್ನ ಅಂಗಿಯನ್ನು ಒರೆಸಿ ಹೇಳಿದ:

‘ಏನಿಲ್ಲ ಬಿಡಿ ಸಾರ್, ಸ್ವಲ್ಪ ಸವರಿತು ಅಷ್ಟೇ!’