ಅಚ್ಚಾದ ಮುಖ

ಯಲ್ಲದಕೆರೆಯ ಕುರಿಗಾರ ಜುಂಜಣ್ಣನಿಗೆ ತನ್ನ ಮುಖ ಪುಸ್ತಕದಲ್ಲಿ ಅಚ್ಚಾಗಬೇಕೆಂಬ ಆಸೆ ಹತ್ತಿಸಿದ್ದು ದುರ್ಗದ ಡ್ರಾಯಿಂಗ್ ಮೇಷ್ಟ್ರು ತಿಪ್ಪೇರುದ್ರಪ್ಪನವರು. "ಮಕ್ಕಳಿಗೆ ಚಿತ್ರದ ಪುಸ್ತಕ ಮಾಡ್ತಿದೀನಿ, ಕುರಿಗಾರನ ಕತೆ. ನಾಳೆ ಬಂದು ಇಲ್ಲೇ ಯಾರನ್ನಾದ್ರೂ ನೋಡ್ಕಂಡು ಬರೀತೀನಿ," ಎಂದು ಹೋಟ್ಲಲ್ಲಿ ಅಂದು ಅವರು ಬಸ್ಸು ಹತ್ತಿದ್ದರು.

ಜುಂಜಣ್ಣನ ಮನೆಯಲ್ಲಿ ಅವನಪ್ಪನ ಪಟವಿರಲಿಲ್ಲ. ಈಚೀಚೆಗೆ ಅಪ್ಪನ ಮುಖ ನೆನಪಿಗೂ ಬರುತ್ತಿರಲಿಲ್ಲ. ತನ್ನದಾದರೂ ಉಳಿಯಲಿ ಎಂದುಕೊಂಡ. ಆದರೆ ಉಳಿಯಬೇಕಾದ ಮುಖ ಸುಟ್ಟ ಬದನೆಕಾಯಿಗೆ ಮೀಸೆ ಅಂಟಿಸಿದಂತಿದೆ ಎಂಬುದೂ ಅವನಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆಯೇ ಗೆಳೆಯರಾದ ಕಾಟಲಿಂಗಪ್ಪ, ಚಿತ್ತಯ್ಯ ಹಾಜರಾದರು.

"ಲೇ ಜುಂಜ, ಪುಸ್ತಕ ಅಂದ್ರೆ ಊರೂರು ತಿರುಗತೈತೆ. ಹಿಂಗೇ ಹೋಗಿ ನಿಂತ್ರೆ ನಮ್ಮೂರ ಮಾನ ಏನಾಗ್ಬೇಕು?" ಅಂದ ಕಾಟಲಿಂಗಪ್ಪ.

"ಇನ್ನೇನ್ ಮಾಡಾಣ?"

"ನಮಗೆ ಬಿಡು."

ಬಿಟ್ಟ. ಚಿತ್ತಯ್ಯ ಕತ್ತರಿ ಹಿಡಿದು ಮೀಸೆಯ ಎಡಗಡೆ ತುಸು ಕತ್ತರಿಸಿದ. ಬಲಗಡೆ ಉದ್ದ ಕಂಡಿತು. ಅದನ್ನು ಕತ್ತರಿಸಿದರೆ ಎಡಗಡೆ ಉದ್ದ. ಎರಡೂ ಕಡೆಗೆ ನ್ಯಾಯ ಸಿಗುವ ಹೊತ್ತಿಗೆ ಮೂಗಿನ ಕೆಳಗೆ ನೊಣ ಕೂತಷ್ಟು ಮೀಸೆ ಉಳಿದಿತ್ತು. ಕಾಟಲಿಂಗಪ್ಪ ತಾನು ತೊಟ್ಟಿದ್ದ ಮದುವೆ ಕೋಟನ್ನೇ ಬಿಚ್ಚಿ ಗೆಳೆಯನಿಗೆ ತೊಡಿಸಿ, ಚಳಿಗೆ ಗೆಳೆಯನ ಕಂಬಳಿ ಹೊದ್ದ. ಪಕ್ಕದ ಮನೆ ಓಬವ್ವ ಓಡಿಬಂದು ಮುಖದ ಮೇಲೆ ಪೌಡರು ಸುರಿದಳು.

ಹೊರಗೆ ಬಂದ ಹೆಂಡತಿ ಕೆಂಚಕ್ಕ ಸೆರಗು ಸರಿಮಾಡಿಕೊಂಡು, "ನಮ್ಮನೆಯೋರು ಕುರಿ ಹತ್ರ ಹೋಗ್ಯಾರೆ, ಆಮೇಲೆ ಬರ್ರಿ," ಎಂದಳು.

ಮೂವರೂ ಕುರಿದೊಡ್ಡಿಗೆ ಹೋದರು. ಅಲ್ಲಿ ಕಾದಿದ್ದ ಮೇಷ್ಟ್ರು ಕೋಟು ಕಂಡೊಡನೆ ಕೈಮುಗಿದು, "ಓಹೋ, ತಾವೂ ಪಟ್ಟಣದಿಂದ ಬಂದ್ರಾ?" ಎಂದರು. ಹುಟ್ಟಿದಾಗಿನಿಂದ ಯಾರೂ 'ತಾವು' ಎನ್ನದ ಜುಂಜಣ್ಣ ತಬ್ಬಿಬ್ಬಾದ. ತಾನೇ ಕುರಿಗಾರನೆಂದು ತೋರಿಸಲು ಒಂದು ಮರಿಯನ್ನು ಎತ್ತಿಕೊಳ್ಳಲು ಹೋದ. ಅದು ಪೌಡರಿನ ವಾಸನೆಗೆ ಬೆದರಿ, 'ಬ್ಯಾ' ಎಂದು ಕಿರುಚಿ ಕಾಟಲಿಂಗಪ್ಪನ ಕಂಬಳಿಯೊಳಗೆ ನುಗ್ಗಿತು. ಜುಂಜಣ್ಣ ಹಲ್ಲು ಕಚ್ಚಿ ಅದರ ಹಿಂಗಾಲು ಹಿಡಿದೆಳೆದ. ಕಾಟಲಿಂಗಪ್ಪ, "ಲೇ, ಮರಿ ಕಾಲು ಮುರೀತೈತೆ, ಬಿಡಲೇ!" ಎಂದು ಮರಿಯನ್ನು ತಬ್ಬಿಕೊಂಡ.

"ಹಂಗೇ ಇರ್ರಿ! ಅಲ್ಲಾಡ್ಬ್ಯಾಡ್ರಿ!" ಎಂದು ಕೂಗಿ ಮೇಷ್ಟ್ರು ಪೆನ್ಸಿಲ್ ತೆಗೆದರು.

ಸೊಂಟ ಬಿದ್ದುಹೋಗುವವರೆಗೂ ಜುಂಜಣ್ಣ ಬಗ್ಗಿಯೇ ನಿಂತ. ಮುಗಿದ ಮೇಲೆ ಮೇಷ್ಟ್ರು ಅವನ ಕೈ ಕುಲುಕಿ, "ಇಂಥಾ ಮುಖಕ್ಕೆ ದುರ್ಗವೆಲ್ಲಾ ಹುಡುಕಿದ್ದೆ ಕಣ್ರಿ," ಎಂದಾಗ ಅವನ ಕಣ್ಣು ತುಂಬಿಬಂತು.

ದೀಪಾವಳಿ ಕಳೆದ ಮೇಲೆ ಪುಸ್ತಕ ಬಂತು. ಹೋಟ್ಲಲ್ಲಿ ಊರೇ ಸೇರಿತು. ಪುಟದ ತುಂಬಾ ಜುಂಜಣ್ಣ! ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಚಿತ್ತಯ್ಯ ಕೆಳಗಿನ ಸಾಲನ್ನು ಗಟ್ಟಿಯಾಗಿ ಓದಿದ: "ಬಡ ಕುರಿಗಾರ ಮರಿಯನ್ನು ಕಂಬಳಿಯಲ್ಲಿ ಬಚ್ಚಿಟ್ಟರೂ ಪಟ್ಟಣದ ಕಳ್ಳ ಬಿಡಲಿಲ್ಲ."

ಈಗ ಜುಂಜಣ್ಣ ಕುರಿ ಹೊಡೆದುಕೊಂಡು ಧರ್ಮಪುರದ ಕಡೆ ಹೋದರೂ ಜನ ಗುರುತು ಹಿಡಿಯುತ್ತಾರೆ. ಅಡ್ಡ ನಿಂತು ಕೇಳುತ್ತಾರೆ: "ಏನಪ್ಪ, ಯಾರವು ಈ ಕುರಿ?"