ಚಿಕ್ಕಪ್ಪನ ಕಣ್ಣನ್ನು ನೋಡದೆಯೇ ಪರಿಶೀಲಿಸಿದವರಿಗೆ

ಕೃತಕ ಬುದ್ಧಿಮತ್ತೆಯ ಮೇಲೆ ಮನುಷ್ಯನ ನಿಗಾ ಇರಲೆಂದು ಹೊಸ ಕಾನೂನಿನಡಿ ನೇಮಕಗೊಂಡಿರುವ, ಸಾರಿಗೆ ಕಚೇರಿಯ ಎರಡನೆಯ ಮಹಡಿಯ ಮಾನವ ಪರಿಶೀಲನಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಮೊಹರೂ ಕ್ಷೇಮವೆಂದು ನಂಬಿ, ನಡು ಬಗ್ಗಿಸಿ ನಮಸ್ಕರಿಸಿ, ಈ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ನನ್ನ ಚಿಕ್ಕಪ್ಪ ಇಪ್ಪತ್ತಾರು ವರ್ಷಗಳಿಂದ ಬಸ್ ಓಡಿಸುತ್ತಿದ್ದವರು. ಹುಟ್ಟಿದಾಗಿನಿಂದ ಅವರ ಎಡಗಣ್ಣಿನ ರೆಪ್ಪೆ ಅರ್ಧ ಇಳಿಬಿದ್ದಿದೆ. ಕಣ್ಣೇನೋ ಚೆನ್ನಾಗಿಯೇ ಕಾಣುತ್ತದೆ. ಕಳೆದ ತಿಂಗಳು ಚಾಲಕರ ಮುಖಕ್ಕೆದುರಾಗಿ ಕೂರಿಸಿದ ಬುದ್ಧಿವಂತ ಕ್ಯಾಮೆರಾ, ಅವರು ಒಂದೇ ಪಾಳಿಯಲ್ಲಿ ನಾನೂರ ಹನ್ನೆರಡು ಸಲ ನಿದ್ದೆ ಮಾಡಿದರೆಂದು ವರದಿ ಕೊಟ್ಟು, ಲೈಸೆನ್ಸನ್ನೇ ಅಮಾನತು ಮಾಡಿಸಿತು. “ನಾನೂರು ಸಲ ನಿದ್ದೆ ಮಾಡಿ ಒಂದು ನಾಯಿಗೂ ತಾಗಿಸ್ದೆ ಡಿಪೋ ಮುಟ್ಟಿಸಿದೀನಿ, ಪದಕ ಕೊಡ್ಬೇಕಲ್ವೇನೋ!” ಎಂದು ಚಿಕ್ಕಪ್ಪ ನಕ್ಕರು. ಶಾಶ್ವತ ರದ್ದತಿಯ ನೋಟೀಸು ಬಂದ ದಿನ ನಗಲಿಲ್ಲ.

ಹೆದರಬೇಡಿ, ಕಾನೂನಿದೆ ಎಂದು ಧೈರ್ಯ ಹೇಳಿದವನು ನಾನೇ. ‘ಯಂತ್ರದ ಯಾವ ತೀರ್ಮಾನವೂ ಮನುಷ್ಯರು ನೋಡದೆ ಜಾರಿಯಾಗಕೂಡದು’ ಎಂಬ ಸಾಲನ್ನು ಆ ಕಾನೂನಿನ ಕಿರುಹೊತ್ತಿಗೆಯಿಂದ ಕತ್ತರಿಸಿ ಅವರ ಮನೆಯ ಗೋಡೆಗೆ ಅಂಟಿಸಿದವನೂ ನಾನೇ. ಆ ಮನುಷ್ಯರನ್ನು ಕಣ್ಣಾರೆ ಕಾಣಲೆಂದು ಕಚೇರಿ ತೆರೆಯುವ ಹೊತ್ತಿಗೇ ಬಂದು ತಮ್ಮ ಬಾಗಿಲ ಬಳಿ ಕುಳಿತೆ; ಪಾವನನಾದೆ. ತಾವು ಖಾಲಿ ಹಾಳೆಗಳ ಕಟ್ಟು ಬಿಚ್ಚಿ, ‘ಮನುಷ್ಯರು ಪರಿಶೀಲಿಸಿದ್ದಾರೆ’ ಎಂಬ ಮೊಹರನ್ನು ಒಂದೊಂದಕ್ಕೂ ಒತ್ತಿ, ಸಹಿ ಹಾಕಿ, ಪ್ರಿಂಟರಿನ ಹೊಟ್ಟೆಗೆ ತುಂಬಿದಿರಿ. ಆಮೇಲೆ ಯಂತ್ರ ತನ್ನ ತೀರ್ಮಾನಗಳನ್ನು ಅವುಗಳ ಮೇಲೆ ಅಚ್ಚು ಹಾಕತೊಡಗಿತು. “ಪ್ರಿಂಟಾದ್ಮೇಲೆ ಒತ್ತಿದ್ರೆ ಹಾಳೆ ಬಿಸಿ ಇರುತ್ತೆ, ಶಾಯಿ ಹರಡುತ್ತೆ ಕಣಪ್ಪ” ಎಂದು ತಮ್ಮ ಜವಾನರು ಗುಟ್ಟು ಬಿಟ್ಟುಕೊಟ್ಟರು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆಂದು ನಗುವ ಜನ ತಮ್ಮ ಪಾದದ ಬಳಿ ಕುಳಿತು ಕಲಿಯಬೇಕು.

ಕಾರಣ ಕೇಳುವ ಹಕ್ಕನ್ನೂ ಚಲಾಯಿಸಿದೆ. ‘ಕಣ್ಣು ಮುಚ್ಚಿದ್ದರಿಂದ ಕಣ್ಣು ಮುಚ್ಚಿತ್ತೆಂದು ತೀರ್ಮಾನಿಸಲಾಗಿದೆ’ ಎಂಬ ಉತ್ತರ ಅದೇ ಯಂತ್ರದಿಂದ, ತಮ್ಮದೇ ಸಹಿಯೊಂದಿಗೆ ಬಂತು. “ಮದ್ವೆಗೆ ಮುಂಚೆ ನಾನೇ ಆ ಕಣ್ಣು ನೋಡಿ ಒಪ್ಕೊಂಡಿದೀನಿ, ಇವ್ರಿಗೇನಂತೆ ಧಾಡಿ?” ಎನ್ನುತ್ತಾರೆ ಚಿಕ್ಕಮ್ಮ. ಅವರನ್ನು ಮೇಲ್ಮನವಿ ಪ್ರಾಧಿಕಾರವಾಗಿ ನೇಮಿಸಬೇಕೆಂದು ಕೋರುತ್ತೇನೆ. ಅದಾಗದಿದ್ದರೆ ಕಾನೂನನ್ನು ತಿರುಗಿಸಿ, ತಮ್ಮ ಮೇಲೆ ನಿಗಾ ಇಡಲು ಯಂತ್ರವನ್ನೇ ನೇಮಿಸಿ. ಅದು ತಪ್ಪು ಮಾಡಿತು, ನಿಜ; ಆದರೆ ಚಿಕ್ಕಪ್ಪನ ಮುಖವನ್ನು ನೋಡಿಯಾದರೂ ಮಾಡಿತು.

ರದ್ದತಿ ಸೋಮವಾರ ಸಂಜೆ ಜಾರಿಯಾಗುತ್ತದೆ. ಅಂದು ಬೆಳಿಗ್ಗೆ ಹತ್ತಕ್ಕೆ ಚಿಕ್ಕಪ್ಪ ಸಮವಸ್ತ್ರ ತೊಟ್ಟು ತಮ್ಮ ಮೇಜಿನೆದುರು ನಿಲ್ಲುತ್ತಾರೆ. ಒಂದು ಸಲ ತಲೆಯೆತ್ತಿ ನೋಡಿ. ಕಾನೂನು ತಮಗೆ ವಹಿಸಿರುವ ಕೆಲಸ ಅಷ್ಟೇ.

ಬೇರೆ ದಾರಿಯಿಲ್ಲದೆ ತಮ್ಮ ವಿಶ್ವಾಸಿ,
ಆ ಚಾಲಕರ ಅಣ್ಣನ ಮಗ

ಮರೆತ ಮಾತು: ತಾವು ಸಂಜೆ ಮನೆಗೆ ಹೋಗುವ ಬಸ್ಸು ಚಿಕ್ಕಪ್ಪನದೇ ಆಗಿತ್ತು. ಈಗ ಅದನ್ನು ಓಡಿಸುವ ಹೊಸಬರು ಇಳಿಜಾರು ಕಂಡರೆ ಎರಡೂ ಕಣ್ಣನ್ನು ಭಯದಿಂದ ಅಗಲವಾಗಿ ತೆರೆಯುತ್ತಾರಂತೆ. ಕ್ಯಾಮೆರಾ ಅವರಿಗೆ ನೂರಕ್ಕೆ ನೂರು ಕೊಟ್ಟಿದೆ. ತಾವು ಹಿಂದಿನ ಸೀಟಿನಲ್ಲಿ ಕೂರುವುದು ಒಳ್ಳೆಯದು.