ರೋಡ್ ಇಂಜಿನ್ ಮೇಲಿನ ಖಂಡದ ಸಾರು

ಒಬ್ಬನೇ ಇರುವವನಿಗೆ ನಗೆಪಾಟಲಿನ ಪ್ರಸಂಗಗಳು ಜಾಸ್ತಿ. ಮನೆಯಲ್ಲಿ ನಾಲ್ಕು ಮಂದಿ ಇದ್ದರೆ ಅವಾಂತರವೂ ನಾಲ್ವರಿಗೆ ಹಂಚಿಹೋಗುತ್ತದೆ. ಒಬ್ಬನೇ ಇದ್ದರೆ ಎಲ್ಲವೂ ಅವನ ಕೊರಳಿಗೇ ಬೀಳುತ್ತದೆ. ನನ್ನ ಕೊರಳಿಗೆ ಬಿದ್ದವುಗಳಲ್ಲಿ ಕೆಲವನ್ನು ಹೇಳುತ್ತೇನೆ.

ನಾನು ರೋಡ್ ಇಂಜಿನ್, ಅಂದರೆ ರಸ್ತೆ ತುಳಿಯುವ ಉಗಿಯಂತ್ರದ ಡ್ರೈವರ್. ಆಳೆತ್ತರದ ಕಬ್ಬಿಣದ ಗಾಲಿ, ಮೇಲೊಂದು ಹೊಗೆಕೊಳವೆ, ಹಿಂದೆ ಬೆಂಕಿಗೂಡು, ಅದರ ಹಿಂದೆ ನಾನು. ಇಂಜಿನ್ನಿಗೆ ಕಟ್ಟಿದ ತಗಡಿನ ಡಬ್ಬಿಯೊಂದಿತ್ತು, ಅದಕ್ಕೂ ಗಾಲಿ. ಮಲಗುವುದು ಅದರಲ್ಲಿ. ಕಾಲುವೆಗೆ ನೀರು ಬಿಟ್ಟ ಹೊಸತು. ಲಿಂಗಸುಗೂರು, ಮಸ್ಕಿ, ಸಿಂಧನೂರು ಸುತ್ತಲಿನ ರಸ್ತೆಗಳೆಲ್ಲ ನೆಲ್ಲು ಹೊತ್ತ ಲಾರಿ ತುಳಿದು ಕೆಸರಾಗಿದ್ದವು. ಅಲ್ಲೆಲ್ಲ ಕಡಿ, ಅಂದರೆ ಜಲ್ಲಿಕಲ್ಲು, ಹಾಸಿ ತುಳಿಯುವುದು ನನ್ನ ಕೆಲಸ. ಹೆಂಗಸರು ಕಡಿ ಹರಡುತ್ತಿದ್ದರು, ಗಂಡಸರು ನೀರು ಹೊಡೆಯುತ್ತಿದ್ದರು. ಹೊತ್ತು ಮುಳುಗಿದರೆ ಎಲ್ಲರೂ ಮನೆಗೆ. ನಾನು ಗದಗಿನ ಕಡೆಯವನು, ಅಪ್ಪ ಅವ್ವ ನಾನು ಸಣ್ಣವನಿದ್ದಾಗಲೇ ಹೋದವರು. ನನಗೆ ಹೋಗಲು ಯಾವ ಮನೆಯೂ ಇರಲಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಕೂಲಿಯವರು ತಮ್ಮ ತಮ್ಮ ಓಣಿಯವರ ಜೊತೆ ಗುಂಪಾಗಿ ಕೂರುತ್ತಿದ್ದರು. ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ನಾನು ಅರ್ಧ ಸಾಹೇಬ. ಸಾಹೇಬರ ಲೆಕ್ಕದಲ್ಲಿ ನಾನು ಕೂಲಿ. ಹಾಗಾಗಿ ನನ್ನ ಊಟ ಇಂಜಿನ್ನಿನ ಜೊತೆ.

ಅಡಿಗೆ ಮಾತ್ರ ಜೋರಾಗಿ ಮಾಡುತ್ತಿದ್ದೆ. ಸಂತೆಯ ದಿನ ಟಗರಿನ ಖಂಡ ತಂದು, ನೆನೆಹಾಕಿದ ಅಲಸಂದಿ ಕಾಳು ಕೂಡಿಸಿ ಸಾರು ಮಾಡುವುದು. ಉಳ್ಳಾಗಡ್ಡಿ, ಬಳ್ಳೊಳ್ಳಿ ಕೆಂಪಗೆ ಹುರಿದು, ಖಂಡಕ್ಕೆ ಅರಿಷಿಣ ಉಪ್ಪು ತಾಗಿಸಿ, ಒಣಮೆಣಸಿನಕಾಯಿ, ಒಣಕೊಬ್ಬರಿ ಕುಟ್ಟಿ ಹಾಕಿ, ಇಂಜಿನ್ ಕುಲುಕಾಟಕ್ಕೆ ಚೆಲ್ಲಬಾರದೆಂದು ಮುಚ್ಚಳವನ್ನು ತಂತಿಯಿಂದ ಬಿಗಿದು, ಬೆಂಕಿಗೂಡಿನ ಮೇಲಿನ ಕಬ್ಬಿಣದ ಹಲಗೆಯ ಮೇಲಿಟ್ಟರೆ ಮುಗಿಯಿತು. ನಾನು ರಸ್ತೆ ತುಳಿಯುತ್ತಿದ್ದೆ, ಅದು ಬೇಯುತ್ತಿತ್ತು. ಆದರೆ ಚಹಾ ಒಬ್ಬನಿಗೆ ಮಾಡಬಹುದು, ಉಪ್ಪಿಟ್ಟು ಒಬ್ಬನಿಗೆ ಮಾಡಬಹುದು, ಖಂಡದ ಸಾರು ಒಬ್ಬನಿಗೆ ಮಾಡಿದರೆ ರುಚಿ ಬರುವುದಿಲ್ಲ. ನಾನು ಯಾವಾಗಲೂ ದೊಡ್ಡ ಪಾತ್ರೆಗೇ ಇಡುತ್ತಿದ್ದೆ. ಯಾರಾದರೊಬ್ಬರು ಬಂದು ಎದುರಿಗೆ ಕೂತು ಉಣ್ಣಲಿ ಎಂಬುದೊಂದೇ ನನ್ನ ಆಸೆ.

೧. ಇಂಜಿನ್ನಿನ ಹೊಟ್ಟೆ

ಮಸ್ಕಿಯ ಈಚೆ ಕೆಲಸ ನಡೆದಾಗ ಹೊಸ ಓವರ್‌ಸಿಯರ್ ಬಂದರು. ಒಳ್ಳೆಯ ಮನುಷ್ಯ, ಆದರೆ ಎಲ್ಲದಕ್ಕೂ ಅಂಜುವ ಸ್ವಭಾವ. ನೆಗಡಿಯಂತೂ ವರ್ಷವಿಡೀ ಬಿಡುತ್ತಿರಲಿಲ್ಲ, ಪಾಪ, ಮೂಗಿಗೆ ಯಾವ ವಾಸನೆಯೂ ಹತ್ತುತ್ತಿರಲಿಲ್ಲ. ಒಂದು ದಿನ ಇಂಜಿನ್ ಪಕ್ಕ ನಿಂತು ಕಿವಿಗೊಟ್ಟರು.

"ಒಳಗ ಗೊಳಗೊಳ ಅನ್ನಾಕತ್ತೈತಲ್ಲ, ಏನದು?"

"ನೀರು ಕುದ್ಯಾಕತ್ತೈತಿ ರೀ."

"ನೀರಿನ ಸದ್ದು ನನಗ ಗೊತ್ತಿಲ್ಲೇನು? ಇದು ದಪ್ಪ ಸದ್ದು. ನಡುನಡುವ ಟಣ್ ಅಂತೈತಿ."

ಟಣ್ ಅಂದದ್ದು ಗೋಣಿತಾಟಿನಡಿ ಮುಚ್ಚಿಟ್ಟ ಪಾತ್ರೆಯೊಳಗಿನ ಎಲುಬು. ಸರ್ಕಾರಿ ಇಂಜಿನ್ ಮೇಲೆ ಟಗರಿನ ಕಾಲು ಬೇಯಿಸುತ್ತಿದ್ದೇನೆಂದು ಹೇಳಲು ಧೈರ್ಯವಾಗಲಿಲ್ಲ. ಅವರು ಕೆಲಸ ನಿಲ್ಲಿಸಿ ಲಿಂಗಸುಗೂರಿನಿಂದ ಮೆಕ್ಯಾನಿಕ್‌ನನ್ನು ಕರೆಸಿದರು.

ಮೆಕ್ಯಾನಿಕ್ ವಯಸ್ಸಾದವನು. ಇಂಜಿನ್ ಸುತ್ತ ಒಂದು ಸುತ್ತು ಹಾಕಿದ, ಮೂಗು ಅರಳಿಸಿದ, ನನ್ನ ಮುಖ ನೋಡಿದ. ಆಮೇಲೆ ಓವರ್‌ಸಿಯರ್ ಕಡೆ ತಿರುಗಿ, "ಸಾಹೇಬ್ರ, ನೀವು ಆ ಬೇವಿನ ಗಿಡದ ಕೆಳಗ ಹೋಗಿ ಕುಂದರ್ರಿ. ಬಿಚ್ಚುವಾಗ ಸಿಡಿದ್ರೂ ಸಿಡೀತು," ಅಂದ. ಅವರು ಗಿಡವನ್ನೂ ದಾಟಿ ಹೋಗಿ ನಿಂತರು.

ನಾವಿಬ್ಬರೂ ಇಂಜಿನ್ ಮರೆಗೆ ಕೂತೆವು. ಅವನು ಮೂರು ರೊಟ್ಟಿ ಮುರಿದ, ತನ್ನ ಮೊಮ್ಮಗಳ ಸುದ್ದಿ ಹೇಳಿದ, ಮತ್ತೊಂದು ರೊಟ್ಟಿ ಮುರಿದ. ಕೈ ಒರೆಸಿಕೊಂಡು ಎದ್ದುಹೋಗಿ ವರದಿ ಒಪ್ಪಿಸಿದ: "ಕಾಳಿನಂಥವು ಒಂದಿಷ್ಟು ಸಿಕ್ಕಿದ್ದುವು ರೀ. ಒಂದೂ ಬಿಡದಂಗ ತೆಗದೀನಿ. ಇನ್ನ ಸದ್ದು ಬರಂಗಿಲ್ಲ."

ಓವರ್‌ಸಿಯರ್‌ಗೆ ನೆಮ್ಮದಿಯಾಯಿತು. ನನಗೋ, ಆ ತಿಂಗಳಲ್ಲಿ ನನ್ನ ಜೊತೆ ಕೂತು ಉಂಡವನು ಅವನೊಬ್ಬನೇ. ಅವನ ಸೈಕಲ್ಲು ಮರೆಯಾಗುವವರೆಗೂ ನೋಡುತ್ತ ನಿಂತೆ. ಮುಂದಿನ ತಿಂಗಳು ಇಂಜಿನ್ನಿನಿಂದ ಇನ್ಯಾವ ಸದ್ದು ಹೊರಡಿಸಬಹುದು ಎಂದು ಅವತ್ತೇ ಯೋಚನೆ ಶುರುಮಾಡಿದೆ.

೨. ಮನೆ ನೋಡಲು ಬಂದವರು

ಮಸ್ಕಿಯಲ್ಲಿ ನಾನು ಮೆಣಸಿನಕಾಯಿ ಕೊಳ್ಳುತ್ತಿದ್ದ ಕಿರಾಣಿ ಅಂಗಡಿಯವರಿಗೆ ನನ್ನ ಮೇಲೆ ಮರುಕ. "ಒಬ್ಬನ ಎಷ್ಟು ವರ್ಷ ಕುದಿಸಿಕೊಂಡು ತಿಂತಿಯೋ ತಮ್ಮಾ? ನಮ್ಮ ಪೈಕಿ ಒಬ್ಬ ಹುಡುಗಿ ಅದಾಳ. ಅವರಪ್ಪ ನಿನ್ನ ಮನಿ ನೋಡಾಕ ಬರ್ತಾನಂತ," ಅಂದರು.

ಹೆಣ್ಣು ಕೊಡುವ ಮೊದಲು ಗಂಡಿನ ಮನೆ ನೋಡುವುದು ಪದ್ಧತಿ. ನಾನು ಡಬ್ಬಿ ತೊಳೆದೆ, ಹೊಸ ಚಾದರ ಹಾಸಿದೆ, ಒಂದು ಕನ್ನಡಿ ತಂದೆ. ಮುಂದೆ ಬರುವಾಕೆ ಕನ್ನಡಿಯನ್ನು ಎಲ್ಲಿ ತೂಗುಹಾಕಬಹುದು ಎಂದು ಎರಡು ಜಾಗದಲ್ಲಿ ಮೊಳೆ ಹೊಡೆದೆ. ಬೆಳಗಿನಿಂದಲೇ ಸಾರು ಇಟ್ಟೆ.

ಹುಡುಗಿಯ ಅಪ್ಪ ಮತ್ತು ದೊಡ್ಡಪ್ಪ ಬಂದಾಗ ಕಡಿಯ ಮೇಲೆ ಗರಸುಮಣ್ಣು ಚೆಲ್ಲಿ ನೀರು ಹೊಡೆದಾಗಿತ್ತು. ಆ ಹೊತ್ತಿನಲ್ಲಿ ಇಂಜಿನ್ ನಿಲ್ಲಿಸುವಂತಿಲ್ಲ, ರಸ್ತೆ ಕೆಡುತ್ತದೆ. ಅವರು ಇಂಜಿನ್ ಪಕ್ಕದಲ್ಲೇ ನಡೆಯತೊಡಗಿದರು. ನಾನು ಮುಂದೆ ಹೋದರೆ ಅವರೂ ಮುಂದೆ, ಹಿಂದೆ ಬಂದರೆ ಅವರೂ ಹಿಂದೆ.

"ಮನಿ ಎಲ್ಲೈತಪಾ?" ಅಪ್ಪ ಕೇಳಿದರು.

"ಅಗೋ ರೀ, ಬಿಚ್ಚಿ ಬದುವಿಗೆ ನಿಲ್ಲಿಸೀನಲ್ಲ, ಆ ತಗಡಿನ ಡಬ್ಬಿ."

ಡಬ್ಬಿಯನ್ನು ನೋಡಿದರು, ಅದರ ಗಾಲಿಯನ್ನು ನೋಡಿದರು. ಮತ್ತೆರಡು ಸಲ ಹಿಂದೆ ಮುಂದೆ ನಡೆದ ಮೇಲೆ ದೊಡ್ಡಪ್ಪ, "ಗಂಡಿನ ಮನಿಗೆ ಭಾಳ ದೂರ ನಡದ್ವಿ, ಇದ್ದಲ್ಲೇ ಅದೀವಿ," ಅಂದರು.

ನೀರು ಇಂಗಿದ ಮೇಲೆ ಇಂಜಿನ್ ನಿಲ್ಲಿಸಿ ಊಟಕ್ಕೆ ಕೂರಿಸಿದೆ. ಇಬ್ಬರೂ ತಲೆಯೆತ್ತದೆ ಉಂಡರು. ಕೈ ತೊಳೆದ ಮೇಲೆ ಅಪ್ಪ ಬಾಯಿಬಿಟ್ಟರು: "ನೀ ಛಲೋ ಹುಡುಗ, ಸುಳ್ಳು ಹೇಳಬಾರದು. ಆದ್ರ ಪಂಚಮಿ ಹಬ್ಬಕ್ಕ ಮಗಳನ್ನ ಕರಿಯಾಕ ಯಾವ ಊರಿಗೆ ಬಂಡಿ ಹೂಡ್ಲಿ ಹೇಳು?"

"ಇದ ಊರಿಗೆ ಬರ್ರಿ. ಈ ಇಂಜಿನ್ ಪಂಚಮಿ ತನಕ ಮುಂದಿನ ಊರು ಮುಟ್ಟಂಗಿಲ್ಲ," ಅಂದೆ.

ದೊಡ್ಡಪ್ಪ ನಕ್ಕರು. ಅಪ್ಪ ನಗಲಿಲ್ಲ. ಅಲ್ಲಿಗೆ ನನಗೆ ತಿಳಿಯಿತು.

ಮುಂದಿನ ಸಂತೆಗೆ ಅಂಗಡಿಯವರು ಮೆಣಸಿನಕಾಯಿ ತೂಗುತ್ತ, ನನ್ನ ಕಡೆ ನೋಡದೆ ಹೇಳಿದರು: "ಹುಡುಗನ್ನ ಒಲ್ಲೆ ಅಂದಾರಪಾ. ಸಾರು ಹ್ಯಾಂಗ ಮಾಡ್ತಿ ಅಂತ ಕೇಳಿ ಕಳಿಸ್ಯಾರ."

ಸಂಕಟವಾಯಿತು, ಮುಚ್ಚಿಡುವುದೇನು. ಆದರೂ ಬಳ್ಳೊಳ್ಳಿಯ ಲೆಕ್ಕವನ್ನೂ ಬಿಡದೆ ಹೇಳಿ ಕಳಿಸಿದೆ. ಆ ಹುಡುಗಿ ಗಂಡನ ಮನೆಯಲ್ಲಿ ಅದೇ ಸಾರು ಮಾಡಿ ಹೆಸರು ತೆಗೆದುಕೊಂಡಳಂತೆ. ಒಟ್ಟಿನಲ್ಲಿ ನಾನು ಹೂಡದ ಸಂಸಾರವನ್ನು ಆ ಮನೆಗೆ ಹೋಗಿ ನನ್ನ ಸಾರಾದರೂ ಹೂಡಿತು.

೩. ಸತ್ತವರು ಯಾರು

ಸಿಂಧನೂರಿನ ಹತ್ತಿರ ಆಂಧ್ರದಿಂದ ಬಂದ ರೈತರು ಕಾಲುವೆ ದಂಡೆಗೆ ಕ್ಯಾಂಪು ಕಟ್ಟಿಕೊಂಡಿದ್ದರು. ಅವರಲ್ಲೊಬ್ಬ ನನ್ನ ವಯಸ್ಸಿನವನು, ಹೆಂಡತಿ ಮಕ್ಕಳನ್ನು ಇನ್ನೂ ಕರೆತಂದಿರಲಿಲ್ಲ. ಅವನಿಗೂ ಬೇಸರ, ನನಗೂ ಬೇಸರ. ಊಟಕ್ಕೆ ಕರೆದೆ.

ಆಂಧ್ರದವರಿಗೆ ಖಾರ ಹೆಚ್ಚು ಬೇಕೆಂದು ಕೇಳಿದ್ದೆ. ಮನೆಗೆ ಬಂದ ಅತಿಥಿಗೆ ಕಡಿಮೆ ಆಗಬಾರದೆಂದು ಎರಡು ಹಿಡಿ ಮೆಣಸಿನಕಾಯಿ ಜಾಸ್ತಿ ಕುಟ್ಟಿ ಹಾಕಿದೆ. ಅವನು, ಕನ್ನಡದವರ ಸಾರು ಸಪ್ಪಗಿರುತ್ತದೆಂದು ಕೇಳಿದ್ದನಂತೆ. ಊರಿನಿಂದ ತಂದ ಖಾರದ ಪುಡಿಯನ್ನು ಪೊಟ್ಟಣ ಕಟ್ಟಿಕೊಂಡು ಬಂದಿದ್ದ. ನಾನು ನೀರು ತರಲು ಹೋದಾಗ, ನನಗೆ ಬೇಜಾರಾಗದಿರಲೆಂದು, ಹೇಳದೆ ಪಾತ್ರೆಗೆ ಸುರಿದುಬಿಟ್ಟ.

ಮೊದಲ ತುತ್ತಿಗೆ ನನ್ನ ಕಣ್ಣಲ್ಲಿ ನೀರು. ಎರಡನೆಯದಕ್ಕೆ ಅವನ ಕಣ್ಣಲ್ಲಿ ನೀರು. ಅತಿಥಿ ಉಣ್ಣುವಾಗ ನಾನು ಬಿಡುವುದು ಹೇಗೆ? ಕರೆದವನು ಉಣ್ಣುವಾಗ ಅವನು ಬಿಡುವುದು ಹೇಗೆ? ಇಬ್ಬರೂ ಉಂಡೆವು, ಇಬ್ಬರೂ ಅತ್ತೆವು. ಮೂಗು ಸುರಿಯಿತು, ಹೆಗಲ ವಸ್ತ್ರದಿಂದ ಮುಖ ಮುಚ್ಚಿಕೊಂಡೆವು.

ಅದೇ ಹೊತ್ತಿಗೆ ನಾಟಿ ಮುಗಿಸಿ ಹೆಂಗಸರ ಗುಂಪೊಂದು ಬಂತು. ರೋಡ್ ಇಂಜಿನ್ ನಿಂತಿದೆ, ಅದರ ಪಕ್ಕ ಇಬ್ಬರು ಗಂಡಸರು ಬಿಕ್ಕಿ ಬಿಕ್ಕಿ ಅಳುತ್ತಿದ್ದಾರೆ. ಇಂಜಿನ್ ಕೆಳಗೆ ಯಾರೋ ಸಿಕ್ಕಿ ಹೋಗ್ಯಾರ ಎಂದೇ ಅವರು ತಿಳಿದರು. ಸಾವು ಕಂಡು ಹಾಗೇ ದಾಟಿ ಹೋಗುವುದು ನಮ್ಮ ಕಡೆ ರೀತಿಯಲ್ಲ. ತಲೆಯ ಮೇಲಿನ ಬುಟ್ಟಿ ಇಳಿಸಿ, ಸೆರಗು ಬಾಯಿಗೆ ಹಚ್ಚಿ, ಸುತ್ತ ಕೂತು ಹಾಡಿ ಹಾಡಿ ಅಳತೊಡಗಿದರು. ಹಿಂದೆ ಬಂದ ಬಂಡಿಯವರೂ ಇಳಿದು ತಲೆಯ ಟವೆಲ್ ತೆಗೆದು ನಿಂತರು. ಬೇಡ ಎಂದು ಹೇಳೋಣವೆಂದರೆ ಇಬ್ಬರಿಗೂ ನಾಲಿಗೆ ಏಳುತ್ತಿಲ್ಲ.

ಎಷ್ಟೋ ಹೊತ್ತಿನ ಮೇಲೆ ಒಬ್ಬ ಮುದುಕಿ ಮೂಗು ಒರೆಸಿಕೊಂಡು ನನ್ನ ಬೆನ್ನು ಸವರಿದಳು. "ಸಮಾಧಾನ ಮಾಡ್ಕೋ ನನ್ನಪ್ಪಾ. ಹೋದವ್ರು ನಿನಗ ಏನಾಗಬೇಕು?"

ನಾನು ಪಾತ್ರೆಯ ಕಡೆ ಕೈ ತೋರಿಸಿ ಹೇಗೋ ಹೇಳಿದೆ: "ಟಗರು ಬೇ, ಯವ್ವಾ."

ಬೈದರು, ಬಾಯಿಗೆ ಬಂದಂತೆ ಬೈದರು, ಬುಟ್ಟಿ ಎತ್ತಿಕೊಂಡು ನಗುತ್ತ ಹೋದರು. ಆದರೆ ಆ ಮುದುಕಿ ಬೆನ್ನು ಸವರಿದಾಗ ನನ್ನ ಕಣ್ಣಿಂದ ಬಂದ ನೀರಿನಲ್ಲಿ ಸ್ವಲ್ಪ ನನ್ನದೇ ಇತ್ತು. ನನ್ನ ಪಾತ್ರೆಯ ಸುತ್ತ ಅಷ್ಟು ಜನ ಎಂದೂ ಕೂತಿರಲಿಲ್ಲ. ನಾನು ನಿಜವಾಗಿ ಸತ್ತ ದಿನವೂ ಇಷ್ಟು ಜನ ಬರಲಿಕ್ಕಿಲ್ಲ, ಆ ಟಗರು ಪುಣ್ಯವಂತ.

೪. ಒಲೆಗೊಂದು ಪಾಲು

ಕೊನೆಯದು ತುರ್ವಿಹಾಳದ ದಾರಿಯ ಒಂದು ಸಣ್ಣ ಊರಿನದು. ಅಲ್ಲಿ ಕಸಾಯಿ ಅಂಗಡಿ ಇಲ್ಲ. ವರ್ಷಕ್ಕೆ ಒಂದೆರಡು ಸಲ ಖಂಡ ಉಣ್ಣುವ ಮನೆಯವರೆಲ್ಲ ಕೂಡಿ ಟಗರು ಕಡಿಸಿ, ಒಲೆಗೊಂದರಂತೆ ಪಾಲು ಹಾಕುತ್ತಾರೆ. ಊರಿನಲ್ಲಿ ಒಲೆ ಹೂಡಿದವನಿಗೆ ಪಾಲು, ದಾರಿಹೋಕನಿಗಿಲ್ಲ. ನಾನು ಊರಬಾಗಿಲ ಅಗಸಿಯ ಪಕ್ಕ ಇಂಜಿನ್ ನಿಲ್ಲಿಸಿ, ಆಸೆ ಇದ್ದೂ ಕೇಳಲು ಸಂಕೋಚಪಟ್ಟು ದೂರ ನಿಂತಿದ್ದೆ.

ಊರಿನ ಮುಲ್ಲಾ ಸಾಬರು ಟಗರು ಕೊಯ್ದು, ಮುತ್ತುಗದ ಎಲೆಗಳ ಮೇಲೆ ಗುಡ್ಡೆ ಹಾಕಿದರು. ಎಲ್ಲರೂ ತಮ್ಮ ತಮ್ಮದು ಎತ್ತಿಕೊಂಡ ಮೇಲೆ ಒಂದು ಗುಡ್ಡೆ ಉಳಿಯಿತು.

"ಇದು ಯಾರದು?" ಊರ ಹಿರಿಯರಾದ ಗೌಡರು ಕೇಳಿದರು.

"ಗೌಡ್ರ, ನಾ ತಪ್ಪು ಎಣಿಸಿಲ್ರಿ," ಮುಲ್ಲಾ ಸಾಬರು ಹೇಳಿದರು. "ನಸುಕಿನ್ಯಾಗ ಮನಿ ಮಾಳಗಿ ಏರಿ, ಖಂಡ ಉಣ್ಣೂ ಈ ಮಗ್ಗುಲ ಎಲ್ಲೆಲ್ಲಿ ಹೊಗಿ ಏಳತೈತಿ ನೋಡಿ ಎಣಿಸೀನಿ. ಅಗಸ್ಯಾಗಂತೂ ಭಾರೀ ಹೊಗಿ ಇತ್ತು. ದೊಡ್ಡ ಸಂಸಾರ ಇರಬೇಕು ಅಂದ್ಕೊಂಡು ಗುಡ್ಡೀನೂ ದೊಡ್ಡದ ಮಾಡೀನಿ."

ಅಗಸಿಯಲ್ಲಿದ್ದದ್ದು ನನ್ನ ಇಂಜಿನ್.

ಒಬ್ಬ ತಕರಾರು ತೆಗೆದ: "ಅದು ಮನಿ ಅಲ್ರಿ, ಸರ್ಕಾರದ ಗಾಡಿ."

ಹಿರಿಯರು ಮೀಸೆ ತಿರುವಿ ನ್ಯಾಯ ಹೇಳಿದರು: "ಹೊಗಿ ಎದ್ದೈತಿ ಅಂದ್ರ ಅದು ಒಲಿ. ಒಲಿ ಐತಿ ಅಂದ್ರ ಮನಿ. ಗಾಲಿ ಇದ್ರ ಏನಾತು? ಒಮ್ಮೆ ಎಣಿಕ್ಯಾಗ ಬಂದ ಮನಿ ತೆಗೆಯೂ ಪದ್ಧತಿ ಈ ಊರಾಗಿಲ್ಲ. ಏ ಡ್ರೈವರಾ, ಎತ್ಕೋ ನಿನ್ನ ಪಾಲು."

ಎತ್ತಿಕೊಂಡೆ. ಅದುವರೆಗೆ ಯಾವ ಊರೂ ನನ್ನನ್ನು ತನ್ನ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅಗಸಿಯ ಪಕ್ಕದ ಮನೆಯಾಕೆ ಸೆರಗಿನಲ್ಲಿ ಅಲಸಂದಿ ಕಾಳು ತಂದಳು. "ಬರೇ ಖಂಡ ಹ್ಯಾಂಗ ಉಣ್ತೀಯಣ್ಣಾ? ಇವನ್ನ ಹಾಕು. ಮನಿ ಅಂದ ಮ್ಯಾಲೆ ಕೊಡೂದು ತಗೊಳ್ಳೂದು ಇರತೈತಿ," ಅಂದಳು. ಸಾರು ಮಾಡಿ ಅವರ ಮನೆಗೂ ಒಂದು ಬಟ್ಟಲು ಕಳಿಸಿದೆ. ಬಟ್ಟಲು ಬರಿದಾಗಿ ಬರಲಿಲ್ಲ, ರೊಟ್ಟಿ ಹೊತ್ತು ಬಂತು.

ಮರುದಿನ ಬೆಳಿಗ್ಗೆ ಅದೇ ಆಕೆ ಸೆಗಣಿಯ ಒಂದು ಕುಳ್ಳು ಹಿಡಿದು ಬಂದಳು. "ಅಣ್ಣಾ, ನಮ್ಮ ಒಲಿ ಆರೈತಿ. ಒಂದು ಕೆಂಡ ಕೊಡು." ನೆರೆಮನೆಯಿಂದ ಕೆಂಡ ತರುವುದು ಎಲ್ಲ ಊರಲ್ಲೂ ಇದ್ದದ್ದೇ. ಆ ವಾರ ಕಲ್ಲಿದ್ದಲು ಬಾರದೆ ನಾನು ಜಾಲಿ ಕಟ್ಟಿಗೆ ಉರಿಸುತ್ತಿದ್ದೆ, ಕೆಂಡ ನಿಗಿನಿಗಿ ಎನ್ನುತ್ತಿತ್ತು. ಕೊಟ್ಟೆ. ಆಕೆಯ ಹಿಂದೆ ಅವಳ ನೆಗೆಣ್ಣಿ, ಮೈದುನನ ಹೆಂಡತಿ, ಬಂದಳು. ಕೊಟ್ಟೆ. ಅಗಸಿಯ ಮನೆಯ ಕೆಂಡ ಭಾಳ ಹೊತ್ತು ಇರತೈತಿ ಎಂದು ಸುದ್ದಿ ಹಬ್ಬಿ ಓಣಿಗೆ ಓಣಿಯೇ ಚಿಪ್ಪು, ಸಲಿಕೆ, ಕುಳ್ಳು ಹಿಡಿದು ಬಂತು. "ಅಣ್ಣಾ" ಎನ್ನಿಸಿಕೊಳ್ಳುವ ಸುಖಕ್ಕೆ ಮನಸೋತು ನಾನು ಸಲಿಕೆಗಟ್ಟಲೆ ತೋಡಿ ತೋಡಿ ಕೊಟ್ಟೆ.

ಓವರ್‌ಸಿಯರ್ ಬಂದಾಗ ಕಡಿ ಹಾಸಿ, ನೀರು ಹೊಡೆದು ಎಲ್ಲರೂ ಕಾಯುತ್ತಿದ್ದಾರೆ. ಇಂಜಿನ್ ತಣ್ಣಗೆ ನಿಂತಿದೆ.

"ಯಾಕ ನಿಂತೈತಿ? ಮತ್ತೇನು ಕೆಟ್ಟಿತು?" ಪಾಪ, ಗಾಬರಿಯಾದರು.

"ಏನೂ ಕೆಟ್ಟಿಲ್ರಿ. ಒಲಿ ಆರೈತಿ."

"ಆರೈತಿ ಅಂದ್ರ? ಬೆಂಕಿ ಎಲ್ಲಿ ಹೋತು?"

"ಓಣ್ಯಾಗ ಐತ್ರಿ. ಒಂದೊಂದು ಮನ್ಯಾಗ ಒಂದೊಂದು ಚೂರು ಐತಿ."

ಅವರು ತಲೆ ಮೇಲೆ ಕೈ ಹೊತ್ತು ಕಡಿಗುಂಪಿಯ ಮೇಲೆ ಕೂತರು. "ಈಗ ಏನು ಮಾಡ್ತಿ?"

ಕಿಸೆಯಲ್ಲಿ ತುಂಬಿದ ಕಡ್ಡಿಪೆಟ್ಟಿಗೆ ಇತ್ತು. ಅದು ಅಲುಗಾಡಿ ಸದ್ದು ಮಾಡದಂತೆ ಕೈಯಿಂದ ಒತ್ತಿ ಹಿಡಿದುಕೊಂಡು, ಸಲಿಕೆ ಹೆಗಲಿಗೇರಿಸಿ ಹೇಳಿದೆ:

"ಏನೂ ಕಾಳಜಿ ಮಾಡಬ್ಯಾಡ್ರಿ ಸಾಹೇಬ್ರ. ನಮ್ಮ ನೆರಿಮನಿಗೆ ಹೋಗಿ ಕೆಂಡ ಇಸ್ಕೊಂಡು ಬರ್ತೀನಿ."